ಕಿಟಕಿಯಲ್ಲಿ ಕೂತ ಡಬ್ಬಿ

ಮನೆ ಬದಲಿಸಿದಾಗ ಸಾಮಾನೆಲ್ಲ ಒಂದೇ ದಿನದಲ್ಲಿ ಬಂತು, ಇಂಟರ್ನೆಟ್ ಮಾತ್ರ ಬರಲಿಲ್ಲ. ಹಳೆಯ ಮನೆಯಲ್ಲಿದ್ದ ಫೈಬರ್ ಲೈನನ್ನು ಹೊಸ ವಿಳಾಸಕ್ಕೆ ಎಳೆಯಲು ಐದು ವಾರ ಬೇಕು ಅಂದರು. ಈ ಕಟ್ಟಡದ ತನಕ ಕೇಬಲ್ಲೇ ಬಂದಿಲ್ಲವಂತೆ, ರಸ್ತೆ ಅಗೆಯಲು ಅನುಮತಿ ಬೇಕಂತೆ. ಐದು ವಾರ ನೆಟ್ ಇಲ್ಲದೆ ಕೂರುವಂಥ ಕೆಲಸ ನನ್ನದಲ್ಲ. ವಾರಕ್ಕೆ ನಾಲ್ಕು ಸಂಜೆ ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಹಗಲು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಜೊತೆಗೆ ಅಮ್ಮ ಮತ್ತು ಆರ್ಕಿಟೆಕ್ಚರ್ ಓದುತ್ತಿರುವ ತಂಗಿ. ಮೂವರಿಗೂ ನೆಟ್ ಬೇಕು, ಒಬ್ಬೊಬ್ಬರಿಗೆ ಒಂದೊಂದು ಕಾರಣಕ್ಕೆ.

ಮೊದಲ ಮೂರು ದಿನ ನನ್ನ ಫೋನಿನ ಹಾಟ್‌ಸ್ಪಾಟಿನಲ್ಲೇ ತಳ್ಳಿದೆ. ಫೋನು ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿ, ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ನಾನು ಹೊರಗೆ ಹೊರಟರೆ ಮನೆಯ ನೆಟ್ಟೂ ನನ್ನ ಹಿಂದೆಯೇ ಹೊರಟುಬಿಡುತ್ತಿತ್ತು. ‘ಅಣ್ಣಾ, ಹೋಗ್ಬೇಡ, ಅಪ್‌ಲೋಡ್ ತೊಂಬತ್ತು ಪರ್ಸೆಂಟ್ ಆಗಿದೆ’ ಎಂದು ತಂಗಿ ಬಾಗಿಲಿಗೆ ಅಡ್ಡ ನಿಂತದ್ದೂ ಆಯಿತು. ನಾಲ್ಕನೆಯ ದಿನ ಕಂಪನಿಯಿಂದ ಸಂದೇಶ ಬಂತು: ನಿಮ್ಮ ಪ್ಲಾನಿನಲ್ಲಿ ಹಾಟ್‌ಸ್ಪಾಟ್ ಬಳಕೆಗೆ ಬೇರೆ ಮಿತಿ ಇದೆ, ಅದು ಮುಗಿದಿದೆ.

ನಾನು ಫೋನಿನಲ್ಲಿ ನೋಡುತ್ತಿದ್ದೇನೋ ಲ್ಯಾಪ್‌ಟಾಪಿನಲ್ಲೋ ಎಂದು ಅವರಿಗೆ ಹೇಗೆ ಗೊತ್ತು ಎಂಬುದು ನನ್ನನ್ನು ಒಂದಿಡೀ ಸಂಜೆ ಕೆಣಕಿತು. ಒಂದು ದಾರಿ ಬಹಳ ಸರಳ. ನೆಟ್ಟಿನಲ್ಲಿ ಡೇಟಾ ಹೊರಡುವುದು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ತುಣುಕುಗಳಾಗಿ. ಪ್ರತಿ ಪ್ಯಾಕೆಟ್ಟಿನ ಮೇಲೂ ಟಿಟಿಎಲ್ ಎಂಬ ಅಂಕಿಯೊಂದಿರುತ್ತದೆ, ನಡುವೆ ಸಿಕ್ಕ ಪ್ರತಿ ರೂಟರೂ ಅದರಲ್ಲಿ ಒಂದನ್ನು ಕಳೆಯುತ್ತದೆ. ಫೋನಿನಿಂದಲೇ ಹೊರಟದ್ದಾದರೆ ಸಾಮಾನ್ಯವಾಗಿ 64 ಇರುತ್ತದೆ. ಲ್ಯಾಪ್‌ಟಾಪಿನಿಂದ ಹೊರಟು ಫೋನಿನ ಮೂಲಕ ಹಾದುಬಂದರೆ 63, ವಿಂಡೋಸ್ ಆದರೆ 128ರಲ್ಲಿ ಒಂದು ಕಳೆದು 127. ಗೇಟಿನಲ್ಲಿ ಕೂತವನು ಅಂಕಿ ನೋಡಿದರೆ ಸಾಕು, ಹಿಂದೆ ಇನ್ನೊಬ್ಬ ಇದ್ದಾನೆ ಎಂದು ತಿಳಿಯುತ್ತದೆ. ನನಗೆ ಸಿಟ್ಟಿಗಿಂತ ಮೆಚ್ಚುಗೆಯೇ ಹೆಚ್ಚಾಯಿತು. ಆದರೆ ಮಾರನೆಯ ದಿನ ತರಗತಿ ಇತ್ತು.

ಹಾಗಾಗಿ ಜೇಬಿನಲ್ಲಿಡುವ ಹಾಟ್‌ಸ್ಪಾಟ್ ಡಬ್ಬಿ. ಈ ಜಾತಿಯ ಉಪಕರಣ ಹೊಸದೇನಲ್ಲ. ಅಮೆರಿಕದ ನೊವಾಟೆಲ್ ವೈರ್‌ಲೆಸ್ ಕಂಪನಿ ‘ಮೈಫೈ’ ಹೆಸರಿನಲ್ಲಿ ಇಂಥದ್ದನ್ನು ಮಾರುಕಟ್ಟೆಗೆ ತಂದದ್ದು 2009ರಲ್ಲಿ, ಆ ಹೆಸರೇ ಇವತ್ತಿಗೂ ಎಷ್ಟೋ ಜನರ ಬಾಯಲ್ಲಿದೆ. ಒಳಗೆ ಒಂದು ಸಿಮ್, ಒಂದು ಮೊಬೈಲ್ ಮೋಡೆಮ್, ಒಂದು ಪುಟ್ಟ ವೈಫೈ ರೂಟರ್, ಒಂದು ಬ್ಯಾಟರಿ, ಅಷ್ಟೇ. ಮಾತಾಡಲು ಬಾರದ ಫೋನು ಅನ್ನಿ.

ನಾನು ಆರಿಸಿಕೊಂಡದ್ದು ಅತಿ ಅಗ್ಗದ್ದು. ಹಳೆಯ ಫೈಬರ್ ಬಿಲ್ಲಿನ ಮೂರರಲ್ಲೊಂದು ಭಾಗ. ಡಬ್ಬಿ ಕೊಳ್ಳುವ ಹಾಗಿಲ್ಲ, ಯಾರೋ ಬಳಸಿ ಹಿಂದಿರುಗಿಸಿದ್ದನ್ನು ಸರಿಪಡಿಸಿ ಠೇವಣಿಯ ಮೇಲೆ ಕೊಡುತ್ತಾರೆ. ಈ ಕಂಪನಿಗೆ ಸ್ವಂತ ಟವರ್ ಒಂದೂ ಇಲ್ಲ. ದೊಡ್ಡ ಕಂಪನಿಯೊಂದರ ಜಾಲವನ್ನು ಸಗಟು ದರದಲ್ಲಿ ಕೊಂಡು ಚಿಲ್ಲರೆಯಾಗಿ ಮಾರುವುದು ಇವರ ಕಸುಬು. ಎಷ್ಟೋ ದೇಶಗಳಲ್ಲಿ ಅಗ್ಗದ ಸೇವೆಗಳು ನಡೆಯುವುದು ಹೀಗೆಯೇ. ಜಾಹೀರಾತಿನಲ್ಲಿ ‘ಅನ್‌ಲಿಮಿಟೆಡ್’ ಎಂದು ದೊಡ್ಡಕ್ಷರ, ಪಕ್ಕದಲ್ಲಿ ಸಾಸಿವೆಯಷ್ಟು ನಕ್ಷತ್ರ. ಆ ನಕ್ಷತ್ರದ ಬೆನ್ನು ಹತ್ತಿ ಷರತ್ತುಗಳ ಪುಟಕ್ಕೆ ಹೋದರೆ ಎರಡು ಸಾಲು ಸಿಕ್ಕವು. ಒಂದು: ತಿಂಗಳಿಗೆ 100 ಜಿಬಿ ಆದಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಇನ್ನೊಂದು: ದಟ್ಟಣೆಯ ಸಮಯದಲ್ಲಿ ಇತರ ಗ್ರಾಹಕರ ಡೇಟಾಗೆ ಆದ್ಯತೆ ನೀಡಬಹುದು. ಮೊದಲನೆಯದನ್ನು ಓದಿ ಲೆಕ್ಕ ಹಾಕಿದೆ, ಎರಡನೆಯದನ್ನು ಓದಿ ಸುಮ್ಮನಾದೆ. ಆಮೇಲೆ ನನ್ನನ್ನು ಹೆಚ್ಚು ಗೋಳುಹೊಯ್ದುಕೊಂಡದ್ದು ಎರಡನೆಯ ಸಾಲೇ.

ಡಬ್ಬಿ ಬಂತು. ಅಂಗೈಯಗಲ, ಮೂಲೆಯಲ್ಲಿ ಒಂದು ಗೀರು, ಹೆಬ್ಬೆರಳಿನ ಉಗುರಿನಷ್ಟು ಪರದೆ. ಹೊರಗಿನ ರಟ್ಟಿನ ಮೇಲೆ ‘150 ಎಂಬಿಪಿಎಸ್’, ಅಂದರೆ ಸೆಕೆಂಡಿಗೆ 150 ಮೆಗಾಬಿಟ್, ಎಂದು ಮುದ್ರಿಸಿದ್ದಾರೆ. ಅದು ಕ್ಯಾಟಗರಿ 4 ಎಂಬ ಎಲ್‌ಟಿಇ (4ಜಿ) ವರ್ಗದ ಗರಿಷ್ಠ ಮಿತಿ: ಇಳಿಯುವುದು 150, ಏರುವುದು 50. ಟವರಿನ ಬುಡದಲ್ಲಿ ನೀವೊಬ್ಬರೇ ಕೂತು, ಊರವರೆಲ್ಲ ಫೋನ್ ಆಫ್ ಮಾಡಿದ್ದರೆ ಅದರ ಹತ್ತಿರಕ್ಕೆ ಹೋಗಬಹುದೇನೋ.

ಸಿಮ್ ಹಾಕುವಲ್ಲಿಯೇ ಮೊದಲ ವಿಘ್ನ. ಬಂದದ್ದು ನ್ಯಾನೋ ಸಿಮ್, ಡಬ್ಬಿಯಲ್ಲಿದ್ದ ಗೂಡು ಮೈಕ್ರೋ ಅಳತೆಯದು. ಜೊತೆಗೆ ಪ್ಲಾಸ್ಟಿಕ್ಕಿನ ಚೌಕಟ್ಟೊಂದನ್ನು ಇಟ್ಟಿದ್ದರು. ಅದರೊಳಗೆ ಸಿಮ್ ಕೂರಿಸಿ ತಳ್ಳಿದೆ, ಹೋಯಿತು. ಸರಿಯಾಗಿ ಕೂತಿದೆಯೋ ನೋಡೋಣವೆಂದು ಎಳೆದರೆ ಚೌಕಟ್ಟು ಕೈಗೆ ಬಂತು, ಸಿಮ್ ಒಳಗೇ ಉಳಿಯಿತು. ಒಳಗಿನ ಚಿನ್ನದ ಬಣ್ಣದ ತಂತಿಗಳು ಕೂದಲಿನಷ್ಟು ತೆಳು. ಚಿಮಟ ಹಾಕಿದರೆ ಬಾಗಿಬಿಡುತ್ತವೆ. ಕೊನೆಗೆ ತಂಗಿ ತನ್ನ ಮಾಡೆಲ್ ಮಾಡುವ ಸರಂಜಾಮಿನಿಂದ ತೆಳುವಾದ ಅಂಟುಪಟ್ಟಿ ತಂದು, ಒಂದು ಕಡ್ಡಿಯ ತುದಿಗೆ ಸುತ್ತಿ, ಸಿಮ್ಮಿನ ಬೆನ್ನಿಗೆ ಒತ್ತಿ ಮೆಲ್ಲಗೆ ಹೊರಗೆಳೆದಳು. ಎರಡನೆಯ ಸಲ ಚೌಕಟ್ಟಿನ ಹಿಂಬದಿಗೂ ಅದೇ ಪಟ್ಟಿಯ ಚೂರು ಅಂಟಿಸಿ ಹಾಕಿದೆವು. ಇವತ್ತಿಗೂ ಹಾಗೆಯೇ ಇದೆ.

ವೈಫೈ ಪಾಸ್‌ವರ್ಡ್ ಬ್ಯಾಟರಿಯ ಕೆಳಗಿನ ಚೀಟಿಯಲ್ಲಿತ್ತು. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ‘ಎಲ್’ ಅಕ್ಷರವೋ ಎಂದು ನಾಲ್ಕು ಸಲ ತಪ್ಪಾಗಿ ಒತ್ತಿದ ಮೇಲೆ ಸಿಕ್ಕಿತು. ಪರದೆಯಲ್ಲಿ ಐದಕ್ಕೆ ನಾಲ್ಕು ಕಡ್ಡಿ ಸಿಗ್ನಲ್. ಆದರೆ ನೆಟ್ ಇಲ್ಲ.

ಸಹಾಯವಾಣಿಗೆ ಹಚ್ಚಿದೆ. ಇದಕ್ಕೆ ಒಂದನ್ನು ಒತ್ತಿ, ಅದಕ್ಕೆ ಎರಡನ್ನು ಒತ್ತಿ, ನಡುವೆ ಸಂಗೀತ. ಇಪ್ಪತ್ತು ನಿಮಿಷದ ಮೇಲೆ ಮನುಷ್ಯರ ದನಿ ಕೇಳಿತು.

‘ಸರ್, ಡಿವೈಸ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?’

‘ಮಾಡಾಯ್ತು ಮೇಡಂ, ಐದು ಸಲ.’

‘ಇನ್ನೊಂದ್ಸಲ ಮಾಡಿ ಸರ್, ನಾನು ಲೈನಲ್ಲೇ ಇರ್ತೀನಿ.’

ಮಾಡಿದೆ. ಆಗಲಿಲ್ಲ. ಆಮೇಲೆ ಅವರು ಎಪಿಎನ್ ನೋಡಲು ಹೇಳಿದರು. ಮೊಬೈಲ್ ಜಾಲದಿಂದ ಇಂಟರ್ನೆಟ್ಟಿಗೆ ಯಾವ ಬಾಗಿಲಿನಿಂದ ಹೋಗಬೇಕು ಎಂದು ಹೇಳುವ ಹೆಸರು ಅದು. ಬಾಡಿಗೆ ಜಾಲದ ಕಂಪನಿಗಳಿಗೆ ಎಷ್ಟೋ ಸಲ ತಮ್ಮದೇ ಬಾಗಿಲು ಇರುತ್ತದೆ, ಡಬ್ಬಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಬ್ರೌಸರಿನಲ್ಲಿ 192.168.0.1 ಎಂದು ಹೊಡೆದರೆ ಡಬ್ಬಿಯ ಸೆಟಿಂಗ್ಸ್ ಪುಟ ತೆರೆಯುತ್ತದೆ. ಅಲ್ಲಿ ಎಪಿಎನ್ ಸರಿಯಾಗಿಯೇ ಇತ್ತು, ಅವರು ಕಳಿಸಿದ್ದ ಸಂದೇಶದಿಂದ ನಾನೇ ನಕಲು ಮಾಡಿ ಅಂಟಿಸಿದ್ದೆ. ಅಕ್ಷರ ಅಕ್ಷರ ಓದಿ ಹೇಳಿದೆ. ‘ಸರಿ ಇದೆ ಸರ್’ ಅಂದರು. ನಾಳೆಯೊಳಗೆ ಸರಿಹೋಗುತ್ತದೆ ಎಂದು ದೂರಿನ ಸಂಖ್ಯೆ ಕೊಟ್ಟರು.

ರಾತ್ರಿ ಮತ್ತೆ ಅದೇ ಪುಟ ತೆರೆದು ಕೂತೆ. ಎಪಿಎನ್ ಕಾಲಂನಲ್ಲಿ ಕರ್ಸರನ್ನು ಕೊನೆಗೆ ಒಯ್ದರೆ ಅದು ಕೊನೆಯ ಅಕ್ಷರಕ್ಕೆ ಅಂಟಿ ನಿಲ್ಲುತ್ತಿಲ್ಲ, ಒಂದು ಎಳ್ಳಿನಷ್ಟು ಆಚೆ ನಿಲ್ಲುತ್ತಿದೆ! ಸಂದೇಶದಿಂದ ನಕಲು ಮಾಡುವಾಗ ಖಾಲಿ ಜಾಗವೊಂದು ಕೂಡಿಬಂದಿತ್ತು. ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿ ಉಳಿಸಿದೆ. ಹತ್ತು ಸೆಕೆಂಡಿನಲ್ಲಿ ಪರದೆಯ ಮೇಲೆ ಎರಡು ಬಾಣಗಳು ಮಿನುಗಿದವು. ಇಪ್ಪತ್ತೈದು ವರ್ಷದಿಂದ ಕರಡು ತಿದ್ದುವವನು ನಾನು, ಪದದ ಬಾಲದ ಖಾಲಿ ಜಾಗ ಹಿಡಿಯುವುದೇ ನನ್ನ ಅನ್ನದ ದಾರಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆ ರಾತ್ರಿ ಹನ್ನೊಂದೂವರೆಗೆ ವೇಗ ಅಳೆದರೆ 38 ಎಂಬಿಪಿಎಸ್. ಅಗ್ಗದ ಸೇವೆಗೆ ಇದು ಹಬ್ಬ. ಮಾರನೆಯ ಸಂಜೆ ಏಳಕ್ಕೆ ಅಳೆದರೆ 1.6. ಡಬ್ಬಿ ಅದೇ ಮೇಜಿನ ಮೇಲಿತ್ತು, ಪರದೆಯಲ್ಲಿ ಅದೇ ನಾಲ್ಕು ಕಡ್ಡಿ.

ಆ ಕಡ್ಡಿಗಳನ್ನು ನಂಬುವುದನ್ನು ನಾನು ಬಿಟ್ಟದ್ದು ಅವತ್ತೇ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲರಿಗೂ ಒಂದೇ ಅಳತೆಗೋಲು ಎಂಬುದಿಲ್ಲ, ತಯಾರಕರು ತಮಗೆ ತೋಚಿದಂತೆ ಬರೆಯುತ್ತಾರೆ. ಅಸಲಿ ಲೆಕ್ಕ ಸೆಟಿಂಗ್ಸ್ ಪುಟದ ಒಳಗೆ, ‘ಡಿವೈಸ್ ಇನ್ಫರ್ಮೇಷನ್’ ಎಂಬ ಮೂಲೆಯಲ್ಲಿರುತ್ತದೆ. ಆರ್‌ಎಸ್‌ಆರ್‌ಪಿ ಅಂದರೆ ಟವರಿನಿಂದ ಬರುವ ಸಿಗ್ನಲ್ ಎಷ್ಟು ಜೋರಾಗಿದೆ, ಎಸ್‌ಐಎನ್‌ಆರ್ ಅಂದರೆ ಗದ್ದಲದ ನಡುವೆ ಅದು ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ. ಮೊದಲನೆಯದನ್ನು ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಅಂಕಿಯಲ್ಲಿ ಹೇಳುತ್ತಾರೆ. ಮೈನಸ್ 80ರ ಆಸುಪಾಸಿದ್ದರೆ ಚೆನ್ನ, ಮೈನಸ್ 100 ದಾಟಿದರೆ ಬಡಕಲು, 115ರ ಹತ್ತಿರ ಹೋದರೆ ಉಸಿರು ಹಿಡಿದಿದೆ ಅಷ್ಟೇ. ಗಣಿತದ ಮೇಷ್ಟ್ರಾಗಿ ಒಂದು ಮಾತು ಸೇರಿಸುತ್ತೇನೆ: ಇದು ಲಾಗರಿದಮ್ ಅಳತೆ, ಹತ್ತು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು, ಇಪ್ಪತ್ತೆಂದರೆ ನೂರು ಪಟ್ಟು.

ಭಾನುವಾರ ಲ್ಯಾಪ್‌ಟಾಪ್ ಎಡಗೈಯಲ್ಲಿ, ಡಬ್ಬಿ ಬಲಗೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದೆ. ಒಂದೊಂದು ಜಾಗದಲ್ಲಿ ಇಟ್ಟು, ಒಂದು ನಿಮಿಷ ಬಿಟ್ಟು, ಅಂಕಿ ಬರೆದುಕೊಳ್ಳುವುದು. ನನ್ನ ಮೇಜು ಮೈನಸ್ 112. ಪುಸ್ತಕದ ಕಪಾಟಿನ ಮೇಲೆ 106. ತಂಗಿಯ ಕೋಣೆಯಲ್ಲಿ 109. ಹಾಲಿನ ಕಿಟಕಿಯ ಗಾಜು ಮುಚ್ಚಿದ್ದರೆ 103, ತೆರೆದರೆ 95. ಬಿಸಿಲು ತಡೆಯಲು ಆ ಗಾಜಿಗೆ ತೆಳುವಾದ ಲೋಹದ ಲೇಪ ಕೊಟ್ಟಿದ್ದರು. ಅಂಥ ಲೇಪ ಬಿಸಿಲಿನ ಜೊತೆ ಸಿಗ್ನಲ್ಲನ್ನೂ ತಡೆಯುತ್ತದೆ. ಅಡುಗೆಮನೆಯ ಕಿಟಕಿ ಮೈನಸ್ 91, ಎಸ್‌ಐಎನ್‌ಆರ್ 14. ನನ್ನ ಮೇಜಿಗೂ ಆ ಕಿಟಕಿಗೂ ನಡುವೆ ಹನ್ನೆರಡು ಹೆಜ್ಜೆ, ಸಿಗ್ನಲ್ಲಿನಲ್ಲಿ ನೂರು ಪಟ್ಟಿಗೂ ಮೀರಿದ ಅಂತರ.

‘ಏನೋ ಇದು, ಮನೆಯಲ್ಲಿ ನೀರು ಹುಡುಕ್ತಿದ್ದೀಯಾ?’ ಅಂದರು ಅಮ್ಮ.

ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ ಕೂತಿತು. ಎರಡು ದಿನ ಸುಖವಾಗಿತ್ತು. ಆದರೆ ದಿನಕ್ಕೆ ನಾಲ್ಕಾರು ಸಲ, ಎರಡೆರಡು ನಿಮಿಷ, ನೆಟ್ ಕಣ್ಣುಮುಚ್ಚುತ್ತಿತ್ತು. ಆರ್‌ಎಸ್‌ಆರ್‌ಪಿ ನೋಡಿದರೆ ಹಾಗೆಯೇ ಇದೆ, ಟವರಿನ ತಪ್ಪಲ್ಲ. ಬುಧವಾರ ಮಧ್ಯಾಹ್ನ ನೆಟ್ ನಿಂತಾಗಲೇ ಅಡುಗೆಮನೆಯಿಂದ ‘ಟಣ್’ ಎಂದು ಸದ್ದಾಯಿತು, ಮರುಕ್ಷಣ ನೆಟ್ ಬಂತು. ಡಬ್ಬಿಯ ಪಕ್ಕದಲ್ಲೇ ಮೈಕ್ರೋವೇವ್ ಓವನ್! ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಸುತ್ತ, ನನ್ನ ಡಬ್ಬಿಯ ವೈಫೈ ಕೂಡ 2.4ರದೇ. ಓವನ್ನಿನಿಂದ ಸೋರುವುದು ತೀರ ಅತ್ಯಲ್ಪ, ಮನುಷ್ಯರಿಗೆ ಏನೂ ಆಗದು. ಆದರೆ ಡಬ್ಬಿಯ ಪಿಸುಮಾತನ್ನು ಮುಳುಗಿಸಲು ಅಷ್ಟು ಸಾಕು. ಅಮ್ಮನಿಗೆ ಓವನ್ ಬಿಡಿ ಅನ್ನುವ ಧೈರ್ಯ ನನಗಿಲ್ಲ. ಡಬ್ಬಿಯನ್ನು ಹಾಲಿನ ಕಿಟಕಿಗೆ ಒಯ್ದು, ಗಾಜು ಒಂದು ಗೇಣು ತೆರೆದಿಟ್ಟೆ. ಮೈನಸ್ 95. ಅಕ್ಕಪಕ್ಕದ ಮನೆಗಳ ವೈಫೈಗಳೆಲ್ಲ ಚಾನೆಲ್ 6ರಲ್ಲಿ ತುಂಬಿದ್ದವು. ನಮ್ಮದನ್ನು 11ಕ್ಕೆ ಹಾಕಿದೆ. ಈ ಪಟ್ಟಿಯಲ್ಲಿ 1, 6, 11 ಮೂರೇ ಚಾನೆಲ್ಲುಗಳು ಒಂದರ ಮೇಲೊಂದು ಬೀಳದೆ ಇರುವಂಥವು.

ಇಷ್ಟೆಲ್ಲ ಮಾಡಿದರೂ ಸಂಜೆಯ ಕತೆ ಬದಲಾಗಲಿಲ್ಲ. ಹಗಲು 30, ನಡುರಾತ್ರಿ 40, ಸಂಜೆ ಏಳರಿಂದ ಹತ್ತೂವರೆ ತನಕ 2 ಎಂಬಿಪಿಎಸ್ ಕೂಡ ಇಲ್ಲ. ಷರತ್ತಿನ ಎರಡನೆಯ ಸಾಲು ಈಗ ಅರ್ಥವಾಯಿತು. ಟವರಿನ ಸಾಮರ್ಥ್ಯ ಇಷ್ಟೇ ಅಂತ ಇರುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ವಿಡಿಯೋ ಹಾಕಿದಾಗ ದೊಡ್ಡ ಕಂಪನಿಯ ಸ್ವಂತ ಗ್ರಾಹಕರಿಗೆ ಮೊದಲು ಬಡಿಸಿ, ಉಳಿದದ್ದು ಕೊನೆಯ ಪಂಕ್ತಿಗೆ. ನಾನು ಕೊನೆಯ ಪಂಕ್ತಿಯವನು. ಡಬ್ಬಿಯನ್ನು ಎಲ್ಲಿಟ್ಟರೂ ಪಂಕ್ತಿ ಬದಲಾಗದು.

ಅಂಥ ಒಂದು ಸಂಜೆ ಒಂಬತ್ತನೆಯ ತರಗತಿಗೆ ಪೈಥಾಗೊರಸ್ ಹೇಳುತ್ತಿದ್ದೆ. ಲಂಬಕೋನ ತೋರಿಸಲು ಕೈಯೆತ್ತಿದ್ದೆನಂತೆ. ಮೂರು ನಿಮಿಷ ಉತ್ಸಾಹದಿಂದ ವಿವರಿಸಿ, ‘ಗೊತ್ತಾಯ್ತಾ?’ ಅಂದೆ. ಉತ್ತರವಿಲ್ಲ. ಆಮೇಲೆ ಚಾಟಿನಲ್ಲಿ ಒಬ್ಬಳು ಬರೆದಳು: ‘ಸರ್, ನಿಮ್ಮ ಕೈ ಮೇಲೆ ಹೋದದ್ದು ಇನ್ನೂ ಇಳಿದಿಲ್ಲ.’

ಅದಕ್ಕೆ ಮಾತ್ರ ಕಾರಣ ಟವರಲ್ಲ ಎಂದು ಮರುದಿನ ಗೊತ್ತಾಯಿತು. ತರಗತಿ ಇಲ್ಲದ ಹೊತ್ತಿನಲ್ಲೂ ಪಿಂಗ್, ಅಂದರೆ ಒಂದು ಪ್ಯಾಕೆಟ್ಟು ಹೋಗಿ ಮರಳಲು ಹಿಡಿಯುವ ಹೊತ್ತು, ನೋಡುತ್ತಾ ಕೂತಿದ್ದೆ, 45 ಮಿಲಿಸೆಕೆಂಡ್ ಇದ್ದದ್ದು ಒಮ್ಮೆಲೇ 1,800ಕ್ಕೆ ಜಿಗಿಯಿತು. ಡಬ್ಬಿಯ ಪುಟದಲ್ಲಿ ಯಾರ್ಯಾರು ಕೂಡಿಕೊಂಡಿದ್ದಾರೆ ಎಂಬ ಪಟ್ಟಿ ಇರುತ್ತದೆ. ತಂಗಿಯ ಫೋನು ಆಗ ತಾನೇ ಮನೆಗೆ ಬಂದಿತ್ತು, ಅವಳೂ ಬಂದಿದ್ದಳು ಅನ್ನಿ. ಅವಳು ಸೈಟಿನಲ್ಲಿ ತೆಗೆದ ಮುನ್ನೂರು ಫೋಟೋ ವೈಫೈ ಸಿಕ್ಕ ಕೂಡಲೇ ಮೇಲಕ್ಕೆ ಏರತೊಡಗಿತ್ತು. ನಮ್ಮ ಮನೆಯಲ್ಲಿ ಡಬ್ಬಿಗೆ ಸಿಗುತ್ತಿದ್ದ ಅಪ್‌ಲೋಡ್ ಮೂರೋ ನಾಲ್ಕೋ ಎಂಬಿಪಿಎಸ್. ಫೋಟೋಗಳು ಅದರ ಬಾಯಿಗೆ ಅಡ್ಡ ನಿಂತವು. ಡಬ್ಬಿ ಬಂದದ್ದನ್ನೆಲ್ಲ ಬಿಸಾಡದೆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ, ನನ್ನ ದನಿಯ ಚಿಕ್ಕ ಪ್ಯಾಕೆಟ್ಟು ಆ ಮುನ್ನೂರು ಫೋಟೋಗಳ ಹಿಂದೆ ನಿಂತು ಸರದಿ ಕಾಯುತ್ತದೆ. ಬಲ್ಲವರು ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಫೋಟೋ ಸಿಂಕ್ ನಡುರಾತ್ರಿಗೆ ಬದಲಾಯಿಸಿದೆವು. ತರಗತಿಯಲ್ಲಿ ನನ್ನ ಮುಖದ ವಿಡಿಯೋ ನಿಲ್ಲಿಸಿ ಬಿಳಿಹಲಗೆ ಮತ್ತು ದನಿ ಮಾತ್ರ ಇಟ್ಟೆ. ಗಂಟೆಗೆ ಸುಮಾರು 900 ಎಂಬಿ ತಿನ್ನುತ್ತಿದ್ದ ತರಗತಿ 200ರೊಳಗೆ ಬಂತು. ಮಕ್ಕಳು ನನ್ನ ಮುಖ ಕಾಣದ್ದಕ್ಕೆ ಬೇಸರ ಪಟ್ಟ ಹಾಗೇನೂ ಕಾಣಲಿಲ್ಲ. ಏಳರ ತರಗತಿಯನ್ನು ಐದೂವರೆಗೆ ಎಳೆದೆ, ದಟ್ಟಣೆಗೆ ಮುಂಚೆ. ನೆಟ್ಟಿನ ಹೊತ್ತಿಗೆ ನಾವು ಬದುಕತೊಡಗಿದ್ದು ಹೀಗೆ.

ಇನ್ನು ಡೇಟಾ ಲೆಕ್ಕ. ತಿಂಗಳಿಗೆ 100 ಜಿಬಿ ಎಂದರೆ ದಿನಕ್ಕೆ ಮೂರು ಚಿಲ್ಲರೆ. ಒಂಬತ್ತನೆಯ ದಿನ ನೋಡಿದರೆ 44 ಹೋಗಿದೆ. ಯಾರನ್ನು ಕೇಳಿದರೂ ‘ನಾನೇನೂ ನೋಡಿಲ್ಲಪ್ಪ’. ಅದು ನಿಜವೂ ಹೌದು. ಅವರು ನೋಡಿರಲಿಲ್ಲ, ಅವರ ಉಪಕರಣಗಳು ತಾವೇ ತಿಂದಿದ್ದವು. ಫೋನಿಗೂ ಲ್ಯಾಪ್‌ಟಾಪಿಗೂ ಒಂದು ಮೂಢನಂಬಿಕೆ ಇದೆ: ಮೊಬೈಲ್ ಡೇಟಾ ಎಂದರೆ ದುಬಾರಿ, ವೈಫೈ ಎಂದರೆ ಪುಕ್ಕಟೆ. ಡಬ್ಬಿಯಿಂದ ಬರುವುದು ಅವುಗಳ ಕಣ್ಣಿಗೆ ಬರೀ ವೈಫೈ. ಆದ್ದರಿಂದ ‘ವೈಫೈ ಸಿಕ್ಕಾಗ ಮಾಡು’ ಎಂದು ತಿಂಗಳುಗಟ್ಟಲೆ ಬಾಕಿ ಇಟ್ಟಿದ್ದನ್ನೆಲ್ಲ ಮಾಡಿ ಮುಗಿಸಿದ್ದವು. ನನ್ನ ಲ್ಯಾಪ್‌ಟಾಪ್ ವಿಂಡೋಸಿನ ದೊಡ್ಡ ಅಪ್‌ಡೇಟ್ ಇಳಿಸಿತ್ತು, ಅಮ್ಮನ ಫೋನು ನಲವತ್ತು ಆ್ಯಪ್‌ಗಳನ್ನು ಹೊಸದು ಮಾಡಿತ್ತು, ತಂಗಿಯ ಕ್ಲೌಡ್ ಫೋಲ್ಡರ್ ಇಡೀ ಸೆಮಿಸ್ಟರನ್ನು ಮತ್ತೊಮ್ಮೆ ಎಳೆದುಕೊಂಡಿತ್ತು. ಮತ್ತೆ, ಏರಿದ್ದೂ ಲೆಕ್ಕಕ್ಕೇ, ಇಳಿದದ್ದೂ ಲೆಕ್ಕಕ್ಕೇ. ಆ ಮುನ್ನೂರು ಫೋಟೋ ನಮ್ಮ ನೂರರಲ್ಲೇ ಕಳೆದಿತ್ತು.

ಪ್ರತಿ ಉಪಕರಣದಲ್ಲೂ ಈ ವೈಫೈಯನ್ನು ‘ಮೀಟರ್ಡ್’, ಅಂದರೆ ಅಳೆದು ಕೊಡುವ ಡೇಟಾ, ಎಂದು ಗುರುತಿಸಿದೆ. ವಿಂಡೋಸಿನಲ್ಲೂ ಆಂಡ್ರಾಯ್ಡಿನಲ್ಲೂ ಆ ವೈಫೈ ಹೆಸರಿನ ಸೆಟಿಂಗ್ಸಿನೊಳಗೆ ಅದು ಸಿಗುತ್ತದೆ, ಐಫೋನಿನಲ್ಲಿ ‘ಲೋ ಡೇಟಾ ಮೋಡ್’ ಎಂದಿದೆ. ವಿಡಿಯೋ ತಾನಾಗಿ ಓಡುವುದನ್ನು ನಿಲ್ಲಿಸಿದೆ, ಗುಣಮಟ್ಟವನ್ನು 480ಕ್ಕೆ ಕಟ್ಟಿಹಾಕಿದೆ. ಅಮ್ಮನ ಫೋನಿನ ಪರದೆಯಲ್ಲಿ 480ಕ್ಕೂ 1080ಕ್ಕೂ ವ್ಯತ್ಯಾಸ ಅಮ್ಮನಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಈ ಒಂದು ಕೆಲಸವನ್ನು ಮೊದಲ ದಿನವೇ ಮಾಡಿದ್ದರೆ ಮುಂದಿನ ಅವಾಂತರ ತಪ್ಪುತ್ತಿತ್ತು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಡಬ್ಬಿಯ ಪರದೆಯಲ್ಲಿ 93.1 ಎಂದಿತ್ತು. ಇನ್ನೂ ಏಳು ಜಿಬಿ ಇದೆ ಎಂದು ನಿಶ್ಚಿಂತೆಯಿಂದಿದ್ದೆ. ಹತ್ತು ಗಂಟೆಗೆ ಸಂದೇಶ: ನಿಮ್ಮ 100 ಜಿಬಿ ಮುಗಿದಿದೆ. ಜಗಳಕ್ಕೆ ಫೋನ್ ಎತ್ತಿದವನು ಒಂದು ಗುಣಾಕಾರ ಮಾಡಿ ಕೆಳಗಿಟ್ಟೆ. ಡಬ್ಬಿ ಎಣಿಸುವುದು 1,024ರ ಲೆಕ್ಕದಲ್ಲಿ, ಕಂಪನಿ ಎಣಿಸುವುದು 1,000ದ ಲೆಕ್ಕದಲ್ಲಿ. ಮೂರು ಮೆಟ್ಟಿಲು ಏರುವಷ್ಟರಲ್ಲಿ, ಅಂದರೆ ಕಿಲೋ, ಮೆಗಾ, ಗಿಗಾ ಆಗುವಷ್ಟರಲ್ಲಿ, ಏಳು ಶೇಕಡಾಕ್ಕೂ ಹೆಚ್ಚಿನ ವ್ಯತ್ಯಾಸ ಬೀಳುತ್ತದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ.

64 ಕೆಬಿಪಿಎಸ್ ಎಂದರೆ ಏನು ಎಂದು ಕಾಗದದ ಮೇಲೆ ಮೊದಲೇ ಲೆಕ್ಕ ಹಾಕಿದ್ದೆ: ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 8 ಕಿಲೋಬೈಟ್. ಎರಡು ಎಂಬಿಯ ಸಾಧಾರಣ ವೆಬ್ ಪುಟಕ್ಕೆ ನಾಲ್ಕು ನಿಮಿಷ ಮೇಲೆ. ಅನುಭವದಲ್ಲಿ ಅದು ಲೆಕ್ಕಕ್ಕಿಂತ ಕೆಟ್ಟದ್ದು, ಯಾಕೆಂದರೆ ಈಗಿನ ಆ್ಯಪ್‌ಗಳಿಗೆ ನಾಲ್ಕು ನಿಮಿಷ ಕಾಯುವ ತಾಳ್ಮೆ ಇಲ್ಲ. ಮೂವತ್ತು ಸೆಕೆಂಡಿಗೆ ‘ನೆಟ್ ಇಲ್ಲ’ ಎಂದು ಮುಖ ತಿರುಗಿಸುತ್ತವೆ, ಮತ್ತೆ ಮೊದಲಿನಿಂದ ಶುರು. ಅಕ್ಷರದ ಸಂದೇಶಗಳು ಹೋಗುತ್ತಿದ್ದವು. ಅಂಟಿಸಿದ ಕಡತವಿಲ್ಲದ ಮೇಲ್ ಬರುತ್ತಿತ್ತು. ತರಗತಿಯ ಮಾತೇ ಇಲ್ಲ.

ಇದೇ ಹೊತ್ತಿಗೆ ಬೇಕಿತ್ತು ಅನ್ನುವಂತೆ ಡಬ್ಬಿಯ ಹಿಂದಿನ ಮುಚ್ಚಳ ಎದ್ದಿತು. ಕಿಟಕಿಯಲ್ಲಿ ಒರೆಸಲು ಎತ್ತಿದ ಅಮ್ಮ ‘ಇದು ಸಮ ಕೂರ್ತಾ ಇಲ್ಲ ನೋಡು’ ಅಂದರು. ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆ. ತೆಗೆದರೆ ಬ್ಯಾಟರಿ ದಿಂಬಿನಂತೆ ಉಬ್ಬಿದೆ. ಮೊದಲೇ ಹಳೆಯ ಬ್ಯಾಟರಿ. ಅದರ ಮೇಲೆ ಇಪ್ಪತ್ತೈದು ದಿನ ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿಟ್ಟು, ಸಾಲದ್ದಕ್ಕೆ ಬಿಸಿಲು ಬೀಳುವ ಕಿಟಕಿಯಲ್ಲಿ ಕೂರಿಸಿದ್ದೆ. ಲಿಥಿಯಂ ಬ್ಯಾಟರಿಗೆ ತುಂಬಿದ ಚಾರ್ಜು ಮತ್ತು ಬಿಸಿ ಎರಡೂ ಒಟ್ಟಿಗೆ ಆಗಿಬರುವುದಿಲ್ಲ. ಒಳಗೆ ಅನಿಲ ಹುಟ್ಟಿ ಹೀಗೆ ಉಬ್ಬುತ್ತದೆ. ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜ್ ಮಾಡಬಾರದು. ಮಡಕೆಯೊಂದರಲ್ಲಿ ಮರಳು ಹಾಕಿ ಅದರಲ್ಲಿಟ್ಟು ಬಾಲ್ಕನಿಗೆ ಸಾಗಿಸಿದೆ. ನನ್ನ ಡಬ್ಬಿ ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲೂ ಓಡುತ್ತದೆ ಎಂಬುದೊಂದು ಪುಣ್ಯ, ಎಲ್ಲ ಡಬ್ಬಿಗಳೂ ಓಡುವುದಿಲ್ಲ.

ಸಹಾಯವಾಣಿಯವರು ‘ಫೋಟೋ ಅಪ್‌ಲೋಡ್ ಮಾಡಿ ಸರ್, ಬದಲಿ ಕಳಿಸ್ತೀವಿ’ ಅಂದರು. ಫೋಟೋ 4 ಎಂಬಿ. ಸೆಕೆಂಡಿಗೆ ಎಂಟು ಕಿಲೋಬೈಟಿನಂತೆ ಎಂಟು ನಿಮಿಷ ಇಪ್ಪತ್ತು ಸೆಕೆಂಡು. ಅವರ ಫಾರಂ ಕಾಯುವುದು ಐದೇ ನಿಮಿಷ. ಅರ್ಧಕ್ಕಿಂತ ತುಸು ಮುಂದೆ ಹೋಗಿ ನಿಲ್ಲುವ ಆ ನೀಲಿ ಪಟ್ಟಿಯನ್ನು ಮೂರು ಸಲ ನೋಡಿದೆ. ಅವರದೇ ಸೇವೆಯ ವೇಗದಲ್ಲಿ ಅವರದೇ ಫಾರಂ ತುಂಬಲು ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ, ಆಮೇಲೆ ಸಣ್ಣ ನಗು. ‘ನೀವು ಹೇಳೋದು ನಿಜ ಸರ್’ ಅಂದರು ಪಾಪ. ಕೊನೆಗೆ ತಂಗಿ ಫೋಟೋವನ್ನು ಕುಗ್ಗಿಸಿ ಇನ್ನೂರು ಕಿಲೋಬೈಟಿಗೆ ತಂದಳು. ಇಪ್ಪತ್ತೈದು ಸೆಕೆಂಡಿನಲ್ಲಿ ಹೋಯಿತು.

ಹೊಸ ಬ್ಯಾಟರಿ ನಾಲ್ಕು ದಿನಕ್ಕೆ ಬಂತು. ಫೈಬರಿನವರು ಐದು ವಾರ ಅಂದದ್ದು ಏಳಾಯಿತು, ಹಾಗಾಗಿ ಎರಡನೆಯ ತಿಂಗಳೂ ಅದೇ ಪ್ಲಾನ್ ಹಾಕಿಸಬೇಕಾಯಿತು. ಎರಡನೆಯ ತಿಂಗಳಲ್ಲಿ 71 ಜಿಬಿಯಲ್ಲೇ ಮುಗಿಸಿದೆವು, ಯಾರೂ ಏನೂ ಬಿಟ್ಟುಕೊಟ್ಟ ನೆನಪಿಲ್ಲ. ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಒಬ್ಬರೋ ಇಬ್ಬರೋ ಇದ್ದು, ಹಗಲು ಕೆಲಸ ಮಾಡುವವರಾದರೆ ಈ ಅಗ್ಗದ ಡಬ್ಬಿ ಸಾಕು. ಸಂಜೆ ಏಳರ ಮೇಲೆ ನೆಟ್ಟನ್ನೇ ನಂಬಿದ ದುಡಿಮೆಯಾದರೆ ಬೇಡ, ಟವರ್ ಇರುವ ಕಂಪನಿಗೇ ಹೋಗಿ. ಮನೆಗೆ ತರುವ ಮುಂಚೆ, ಅದೇ ಜಾಲದ ಸಿಮ್ ಇರುವ ಯಾರದಾದರೂ ಫೋನು ಕಿಟಕಿಗೆ ಹಿಡಿದು ಆ ಮೈನಸ್ ಅಂಕಿ ನೋಡಿಕೊಳ್ಳಿ. ಆಂಡ್ರಾಯ್ಡ್ ಫೋನಾದರೆ ಸೆಟಿಂಗ್ಸಿನಲ್ಲಿ ಸಿಮ್ ವಿವರದ ಕೆಳಗೆ ಸಾಮಾನ್ಯವಾಗಿ ಇರುತ್ತದೆ.

ಫೈಬರ್ ಬಂದ ದಿನ ಡಬ್ಬಿಯನ್ನು ಹಿಂದಿರುಗಿಸಿ ಠೇವಣಿ ತರೋಣವೆಂದು ರಟ್ಟಿನ ಪೆಟ್ಟಿಗೆ ಹುಡುಕಿದೆ. ಪೆಟ್ಟಿಗೆ ಸಿಕ್ಕಿತು, ಡಬ್ಬಿ ಇರಲಿಲ್ಲ. ಹಿಂದಿನ ರಾತ್ರಿಯೇ ಸ್ಟಡಿ ಟೂರಿಗೆ ಹೊರಟ ತಂಗಿ ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಳು. ಸಂಜೆ ಅವಳದೇ ಫೋನ್ ಬಂತು. ಎಲ್ಲಿ ಇಳಿದಿದ್ದೀರಿ, ಊಟ ಆಯ್ತಾ ಎಂದು ಕೇಳುವ ಮೊದಲೇ ಆ ಕಡೆಯಿಂದ ಕೂಗು:

‘ಅಣ್ಣಾ, ಇಲ್ಲಿ ಬಚ್ಚಲುಮನೆ ಕಿಟಕಿಯಲ್ಲಿ ಮೈನಸ್ ಎಪ್ಪತ್ತೆಂಟು!’